ಮೊಳೆ ಇಲ್ಲ, ಆದರೂ ಗಾಳಿ ಇಳಿಯುತ್ತದೆ: ಕಾರಿನ ಟಯರಿನ ಸಣ್ಣ ಲೀಕ್ ಮನೆಯಲ್ಲೇ ಹುಡುಕುವುದು ಹೇಗೆ

ನಮ್ಮ ಮನೆ ಉಡುಪಿ ಹತ್ತಿರದ ಪಡುಕೆರೆಯಲ್ಲಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಹೊಯಿಗೆಯ ಪಟ್ಟಿ. ದಿನಾ ಬೆಳಿಗ್ಗೆ ಸೇತುವೆ ದಾಟಿ ಮಲ್ಪೆಗೆ ಬಂದು, ಕರಾವಳಿ ಜಂಕ್ಷನ್‌ನಲ್ಲಿ ಹೆದ್ದಾರಿ ಹಿಡಿದು, ಸಂತೆಕಟ್ಟೆ, ಕಲ್ಯಾಣಪುರ ಕಳೆದು ಬ್ರಹ್ಮಾವರಕ್ಕೆ ಕೆಲಸಕ್ಕೆ ಹೋಗುವವಳು ನಾನು. ಕಾರು ಹಳೆಯದು, ಸಣ್ಣದು. ಟ್ಯೂಬ್‌ಲೆಸ್ ಟಯರ್, ಕಬ್ಬಿಣದ ರಿಮ್.

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ಎಡಗಡೆಯ ಹಿಂದಿನ ಚಕ್ರದಲ್ಲಿ ಗಾಳಿ ಇಳಿಯಲು ಶುರುವಾಯಿತು. ಒಂದೇ ಸಲ ಕೂತುಬಿಡುವುದಿಲ್ಲ. ಈ ಸೋಮವಾರ ಹಾಕಿಸಿದರೆ ಮುಂದಿನ ಸೋಮವಾರಕ್ಕೆ ಅಡಿ ಸ್ವಲ್ಪ ಚಪ್ಪಟೆ ಕಾಣುತ್ತದೆ, ಅಷ್ಟೇ. ಪೆಟ್ರೋಲ್ ಹಾಕಿಸುವಾಗ ಗಾಳಿಯನ್ನೂ ಹಾಕಿಸಿಕೊಂಡು ಹೋಗುತ್ತಿದ್ದೆ. ಎರಡು ತಿಂಗಳು ಹೀಗೇ ಹೋಯಿತು. ಎರಡು ಪಂಚರ್ ಅಂಗಡಿಗೂ ತೋರಿಸಿದೆ. ಇಬ್ಬರೂ ಟಯರಿನ ಸುತ್ತ ಒಮ್ಮೆ ನೋಡಿ ಒಂದೇ ಮಾತು ಹೇಳಿದರು: "ಮೊಳೆ ಎಂತದೂ ಇಲ್ಲ ಅಕ್ಕ. ಗಾಳಿ ಹಾಕಿದ್ದೇನೆ, ಓಡಿಸಿ ನೋಡಿ."

ಅವರು ಹೇಳಿದ್ದು ನಿಜ. ಮೊಳೆ ಇರಲಿಲ್ಲ. ಆದರೆ ಟಯರಿನ ಗಾಳಿ ಹೋಗಲು ಮೊಳೆಯೇ ಬೇಕು ಅಂತ ಇಲ್ಲವಲ್ಲ. ಕಡಲ ಬದಿಯಲ್ಲಿ ಕಾರು ಇಟ್ಟುಕೊಂಡವರು ಇದನ್ನು ತಿಳಿದುಕೊಂಡಿರಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ವಾರಕ್ಕೊಮ್ಮೆ ಗಾಳಿ ಹಾಕಿಸಿ ದಿನ ದೂಡುವುದು ಅಪಾಯದ ಕೆಲಸ. ಗಾಳಿ ಕಮ್ಮಿಯಾದ ಟಯರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಅದು ಸಿಡಿದರೆ ಸ್ಟೇರಿಂಗ್ ನಮ್ಮ ಕೈಯಲ್ಲಿ ಇರುವುದಿಲ್ಲ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಕೂತಿರುತ್ತಾಳೆ.

ಮೊದಲು, ಅದು ಲೀಕ್ ಹೌದೋ ಅಲ್ಲವೋ ಗೊತ್ತಾಗಬೇಕು. ಇದಕ್ಕೆ ಗಾಳಿಯ ಒತ್ತಡ ಅಳೆಯುವ ನಿಮ್ಮದೇ ಒಂದು ಗೇಜ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಬಂಕಿನ ಮೆಷಿನ್‌ಗೂ ಇನ್ನೊಂದು ಬಂಕಿನ ಮೆಷಿನ್‌ಗೂ ಲೆಕ್ಕ ಸರಿಹೊಂದುವುದಿಲ್ಲ, ಹಾಗಾಗಿ ಅವುಗಳನ್ನು ನಂಬಿ ಹೋಲಿಸಲು ಆಗುವುದಿಲ್ಲ. ಅಳೆಯುವುದು ಬೆಳಿಗ್ಗೆ, ಕಾರು ಅಂಗಳದಿಂದ ಹೊರಡುವ ಮೊದಲು. ಓಡಿಸಿದ ಟಯರ್ ಬಿಸಿಯಾಗಿ 3-4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ. ಹಾಗೆ ಜಾಸ್ತಿ ಕಂಡಿತು ಅಂತ ಗಾಳಿ ಬಿಡಬೇಡಿ, ತಣ್ಣಗಾದ ಮೇಲೆ ಕಮ್ಮಿಯಾಗಿಬಿಡುತ್ತದೆ. ಎಷ್ಟು ಇರಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟಯರಿನ ಪಕ್ಕದಲ್ಲಿ ಪಿಎಸ್‌ಐ ಜೊತೆ ಅಚ್ಚಾಗಿರುವ ಸಂಖ್ಯೆ ಅದು ತಾಳಿಕೊಳ್ಳುವ ಗರಿಷ್ಠ ಗಾಳಿ. ಹಾಕಬೇಕಾದದ್ದು ಅದಲ್ಲ.

ನಾಲ್ಕೂ ಚಕ್ರಕ್ಕೆ ಒಂದೇ ದಿನ ಸರಿಯಾಗಿ ತುಂಬಿಸಿ, ಒಂದು ವಾರ ಬರೆದಿಡಿ. ನಾನು ಬರೆದದ್ದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ. ಸೋಮವಾರ ನಾಲ್ಕೂ 33. ಗುರುವಾರ ಮುಂದಿನ ಎರಡು 33, ಹಿಂದಿನ ಬಲ 33, ಹಿಂದಿನ ಎಡ 30. ಮುಂದಿನ ಸೋಮವಾರ 33, 33, 32, ಮತ್ತು ಎಡದ್ದು 27. ಒಳ್ಳೆಯ ಟಯರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ರಬ್ಬರ್ ಮೂಲಕವೇ ಸೋರಿ ಹೋಗುತ್ತದೆ, ಅದಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ. ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಚಳಿ ಕಾರಣ ಇರಬಹುದು. ಹತ್ತು ಡಿಗ್ರಿ ತಣ್ಣಗಾದರೆ ಒಂದೂವರೆ ಎರಡು ಪಿಎಸ್‌ಐ ಇಳಿಯುತ್ತದೆ, ಘಟ್ಟ ಹತ್ತಿ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ರಾತ್ರಿ ಉಳಿದವರಿಗೆ ಇದು ಗೊತ್ತಿರುತ್ತದೆ. ಆದರೆ ಒಂದೇ ಚಕ್ರ ವಾರದಲ್ಲಿ 6 ಇಳಿಯಿತು ಅಂದರೆ ಎಲ್ಲೋ ಲೀಕ್ ಉಂಟು. ಡ್ಯಾಶ್‌ಬೋರ್ಡಿನಲ್ಲಿ ಟಯರಿನ ದೀಪ ಬರುವ ಕಾರು ಇದ್ದರೂ ಪುಸ್ತಕ ಬಿಡಬೇಡಿ. ಗಾಳಿ ಚೆನ್ನಾಗಿ ಇಳಿದ ಮೇಲೆಯೇ ಆ ದೀಪ ಹೊತ್ತಿಕೊಳ್ಳುವುದು.

ಇನ್ನು ಹುಡುಕುವ ಕೆಲಸ. ಅರ್ಧ ಲೀಟರ್ ನೀರಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಮೆಲ್ಲಗೆ ಕಲಸಿ. ಜೋರಾಗಿ ಕಲಕಿದರೆ ಮೊದಲೇ ನೊರೆ ಬಂದು, ಲೀಕ್‌ನ ನೊರೆ ಯಾವುದು ನಮ್ಮ ನೊರೆ ಯಾವುದು ಅಂತ ತಿಳಿಯುವುದಿಲ್ಲ. ಅಂಟುವಾಳ ನೆನೆಸಿದ ನೀರೂ ಆಗುತ್ತದೆ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಇದ್ದರೆ ಒಳ್ಳೆಯದು, ಇಲ್ಲವಾದರೆ ಹಳೆಯ ಪೇಂಟ್ ಬ್ರಷ್ ಸಾಕು. ಟಯರಿಗೆ ಗಾಳಿ ಪೂರ್ತಿ ಇರಬೇಕು. ನಾನು ಹುಡುಕುವ ದಿನಕ್ಕೆ ಮಾತ್ರ 38 ಹಾಕಿಸಿಕೊಂಡು ಬರುತ್ತೇನೆ, ಒಳಗಿನ ಒತ್ತಡ ಜಾಸ್ತಿ ಇದ್ದಷ್ಟು ಗುಳ್ಳೆ ಬೇಗ ಕಾಣುತ್ತದೆ. ಟಯರಿನ ಮೇಲಿನ ಗರಿಷ್ಠ ಸಂಖ್ಯೆ ದಾಟಬೇಡಿ. ಕೆಲಸ ಮುಗಿದ ಮೇಲೆ ಸ್ಟಿಕ್ಕರ್‌ನ ಲೆಕ್ಕಕ್ಕೆ ಇಳಿಸಿಬಿಡಿ. ನೆರಳಿನಲ್ಲಿ ಮಾಡಿ. ಬಿಸಿಲಿಗೆ ಸೋಪು ನೀರು ಎರಡು ನಿಮಿಷದಲ್ಲಿ ಒಣಗುತ್ತದೆ, ಗಾಳಿ ಬೀಸುತ್ತಿದ್ದರೆ ಇನ್ನೂ ಬೇಗ.

ವಾಲ್ವ್‌ನಿಂದ ಶುರು ಮಾಡಿ, ಯಾಕೆಂದರೆ ಅದು ಎಲ್ಲಕ್ಕಿಂತ ಸುಲಭ. ಕ್ಯಾಪ್ ತೆಗೆದು ಬಾಯಿಗೆ ಒಂದು ತೊಟ್ಟು ಸೋಪು ನೀರು ಬಿಡಿ. ಗುಳ್ಳೆ ಉಬ್ಬಿ ಬಂದರೆ ಒಳಗಿನ ಪಿನ್ ಸಡಿಲ ಇದೆ, ಅಥವಾ ಅದು ಕೂರುವ ಜಾಗದಲ್ಲಿ ಹೊಯಿಗೆ ಸೇರಿದೆ. ಪಿನ್ ತಿರುಗಿಸುವ ಸಣ್ಣ ಕೀ ಸಿಗುತ್ತದೆ, ಸ್ವಲ್ಪವೇ ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಹೊಸ ಪಿನ್ ಹಾಕಿಸಿ. ಹಳೆಯ ಪಿನ್ ಬಿಚ್ಚಿದರೆ ಟಯರಿನ ಗಾಳಿ ಪೂರ್ತಿ ಹೋಗುತ್ತದೆ, ಆದ್ದರಿಂದ ಪಂಪ್ ಕೈಗೆ ಸಿಗುವಲ್ಲಿ ಮಾತ್ರ ಇದನ್ನು ಮಾಡಿ. ಆಮೇಲೆ ವಾಲ್ವ್‌ನ ರಬ್ಬರ್ ಕಾಂಡವನ್ನು ಬೆರಳಲ್ಲಿ ಒಂದು ಬದಿಗೆ ಬಾಗಿಸಿ ಬುಡಕ್ಕೆ ನೀರು ಬಿಡಿ. ನೆಟ್ಟಗೆ ಇದ್ದಾಗ ಮುಚ್ಚಿಕೊಂಡಿರುವ ಬಿರುಕು ಬಾಗಿಸಿದಾಗ ಬಾಯಿ ಬಿಡುತ್ತದೆ. ಎಲ್ಲಾ ಬದಿಗೂ ಬಾಗಿಸಿ ನೋಡಿ. ಬಿರುಕು ಇದ್ದರೆ ವಾಲ್ವನ್ನೇ ಬದಲಿಸಬೇಕು, ಅಂಟು ಗಿಂಟು ಹಚ್ಚಬೇಡಿ.

ವಾಲ್ವ್ ಕ್ಯಾಪಿನ ಬಗ್ಗೆ ಒಂದು ಮಾತು. ಚಂದ ಕಾಣುತ್ತದೆ ಅಂತ ಬಣ್ಣಬಣ್ಣದ ಅಲ್ಯುಮಿನಿಯಂ ಕ್ಯಾಪ್ ಹಾಕುತ್ತಾರೆ ಅಲ್ವಾ, ನಮ್ಮ ಕಡಲ ಗಾಳಿಗೆ ಅದು ಹಿತ್ತಾಳೆಯ ವಾಲ್ವ್ ಬಾಯಿಗೆ ಕಚ್ಚಿಕೊಂಡುಬಿಡುತ್ತದೆ. ಬಿಚ್ಚಲು ಹೋದರೆ ವಾಲ್ವೇ ಹರಿಯುತ್ತದೆ. ಕರಿ ಪ್ಲಾಸ್ಟಿಕ್ ಕ್ಯಾಪ್ ಸಾಕು. ಆದರೆ ಕ್ಯಾಪ್ ಇಲ್ಲದೆ ಓಡಿಸಬೇಡಿ.

ಆಮೇಲೆ ನೆಲಕ್ಕೆ ತಾಗುವ ಭಾಗ. ಕಾರು ನಿಂತಲ್ಲಿ ಟಯರಿನ ಅಡಿ ಕಾಣುವುದಿಲ್ಲ, ಹಾಗಾಗಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಕಾರನ್ನು ಸ್ವಲ್ಪ ಸ್ವಲ್ಪ ಮುಂದೆ ತೆಗೆದು ಮೂರು ಪಾಲಾಗಿ ನೋಡಿ. ಪ್ರತಿ ಸಲ ಹ್ಯಾಂಡ್‌ಬ್ರೇಕ್ ಎಳೆದು ಗೇರ್‌ನಲ್ಲಿ ಇಡಿ. ಗೀರಿನಲ್ಲಿ ಸಿಕ್ಕಿದ ಜಲ್ಲಿ ಚೂರೆಲ್ಲ ಪಂಚರ್ ಅಲ್ಲ. ಮೊಳೆಯ ತಲೆ, ಸ್ಕ್ರೂ, ತಂತಿ ಚೂರು ಕಂಡರೆ ಅದರ ಮೇಲೆ ನೀರು ಬಿಟ್ಟು ಎರಡು ಮೂರು ನಿಮಿಷ ಕಾಯಿರಿ. ನಿಧಾನ ಲೀಕ್‌ನ ಗುಳ್ಳೆಯೂ ನಿಧಾನ. ಪಂಚರ್ ಅಂಗಡಿಯಲ್ಲಿ ತಪ್ಪಿಹೋಗುವುದು ಇಲ್ಲೇ. ಅವರಿಗೆ ಹಿಂದೆ ನಾಲ್ಕು ಬೈಕು ಕಾಯುತ್ತಿರುತ್ತವೆ, ಒಂದು ಟಯರಿನ ಮುಂದೆ ಅರ್ಧ ಗಂಟೆ ಕೂರಲು ಆಗುವುದಿಲ್ಲ. ನಮಗೆ ಆಗುತ್ತದೆ.

ಮೊಳೆ ಸಿಕ್ಕಿತಾ? ಮನೆಯಲ್ಲಿ ಕೀಳಬೇಡಿ. ಈಗ ಅದೇ ತೂತನ್ನು ಮುಚ್ಚಿಕೊಂಡಿರುವುದು. ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಳಿ ತುಂಬಿಸಿ, ನಿಧಾನಕ್ಕೆ ಅಂಗಡಿಗೆ ಹೋಗಿ. ಹೊರಗಿನಿಂದ ತೂತಿಗೆ ಚುಚ್ಚುವ ರಬ್ಬರ್ ಸ್ಟ್ರಿಪ್ ಆ ದಿನಕ್ಕೆ ಆಗುತ್ತದೆ. ಆದರೆ ಬಹಳ ದಿನ ಓಡಿಸುವ ಟಯರ್ ಆದರೆ ರಿಮ್ಮಿನಿಂದ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಿ. ಅಣಬೆಯ ಹಾಗೆ ಅದಕ್ಕೆ ಒಂದು ಕಾಲು, ಒಂದು ಕೊಡೆ. ಕಾಲು ತೂತನ್ನು ತುಂಬುತ್ತದೆ, ಕೊಡೆ ಒಳಗಿನಿಂದ ಅಂಟಿಕೊಳ್ಳುತ್ತದೆ. ಬಿಚ್ಚಿದಾಗ ಟಯರಿನ ಒಳಗೂ ಕಣ್ಣು ಹಾಯಿಸಿ. ಕರಿ ರಬ್ಬರ್ ಪುಡಿ ಉದುರಿ ಬಿದ್ದಿದ್ದರೆ, ಗಾಳಿ ಕಮ್ಮಿ ಇದ್ದಾಗ ಓಡಿಸಿ ಓಡಿಸಿ ಪಕ್ಕದ ಭಾಗ ಒಳಗಿಂದಲೇ ಸವೆದಿದೆ ಅಂತ ಅರ್ಥ. ಆ ಟಯರ್ ಮತ್ತೆ ಹಾಕಿಸಬೇಡಿ. ತೂತು 6 ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ, ಅಥವಾ ಟಯರಿನ ಭುಜದಲ್ಲಿ (ಅಡಿ ಮುಗಿದು ಪಕ್ಕ ಶುರುವಾಗುವ ಅಂಚು), ಪಕ್ಕದಲ್ಲಿ ಇದ್ದರೆ ಪ್ಯಾಚ್ ನಿಲ್ಲುವುದಿಲ್ಲ. ಯಾರಾದರೂ ಹಾಕಿಕೊಡುತ್ತೇನೆ ಅಂದರೂ ಬೇಡ ಅನ್ನಿ.

ಪಕ್ಕದ ಭಾಗಕ್ಕೂ ಸೋಪು ನೀರು ಹಚ್ಚಿ ನೋಡಿ. ಕೂದಲೆಳೆಯಂಥ ಬಿರುಕುಗಳು ತುಂಬಾ ಇದ್ದರೆ ಟಯರಿಗೆ ವಯಸ್ಸಾಗಿದೆ. ವಯಸ್ಸು ಅಲ್ಲೇ ಬರೆದಿರುತ್ತದೆ: ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ. 2318 ಅಂದರೆ 2018ರ 23ನೇ ವಾರ ತಯಾರಾದದ್ದು.

ನನ್ನ ಟಯರಿನಲ್ಲಿ ಇಷ್ಟೆಲ್ಲ ನೋಡಿದರೂ ಒಂದು ಗುಳ್ಳೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಕೂತವಳು ಒಂಬತ್ತಾದರೂ ಎದ್ದಿರಲಿಲ್ಲ. ಚಾವಡಿಯಲ್ಲಿ ಕೂತಿದ್ದ ಮಾವ ಕೇಳಿದರು, "ರಿಮ್ಮಿನ ಒಳಬದಿ ನೋಡಿದ್ದೀಯಾ? ಗೇಟಿನ ಕೀಲು ನೋಡು ಹೇಗಾಗಿದೆ." ಮಾವ ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು. ಉಪ್ಪುಗಾಳಿ ಕಬ್ಬಿಣವನ್ನು ಎಲ್ಲಿಂದ ತಿನ್ನುತ್ತದೆ ಅಂತ ಅವರಿಗೆ ಗೊತ್ತು. ಕಾಣುವ ಕಡೆ ನಾವು ಬಣ್ಣ ಬಳಿಯುತ್ತೇವೆ, ಅದು ಕಾಣದ ಸಂದಿಯಿಂದ ಶುರು ಮಾಡುತ್ತದೆ.

ಒಳಬದಿ ನೋಡಬೇಕಾದರೆ ಚಕ್ರ ಬಿಚ್ಚಲೇಬೇಕು. ಚಕ್ರ ನೆಲದ ಮೇಲೆ ಇರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ. ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಇಡುವ ಜಾಗ ಕಾರಿನ ಪುಸ್ತಕದಲ್ಲಿ ತೋರಿಸಿರುತ್ತದೆ, ಅಲ್ಲೇ ಇಡಿ. ನಮ್ಮ ಅಂಗಳದ ಹಾಗೆ ಹೊಯಿಗೆ ಇದ್ದರೆ ಜಾಕ್ ಹೂತು ಓರೆಯಾಗುತ್ತದೆ. ಅಡಿಗೆ ದಪ್ಪದ ಹಲಗೆ ಬೇಕು, ನಾವು ಇಟ್ಟದ್ದು ಹಳೆಯ ದೋಣಿಯ ಒಂದು ತುಂಡು. ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆ ಕೈ ಯಾವುದನ್ನೂ ತೂರಿಸಬೇಡಿ, ಮಕ್ಕಳನ್ನು ದೂರ ನಿಲ್ಲಿಸಿ. ಚಕ್ರ ತೆಗೆದ ಕೂಡಲೇ ಅದರ ಜಾಗಕ್ಕೆ ಸ್ಟೆಪ್ನಿ ಹಾಕಿ ಕಾರು ಇಳಿಸಿಬಿಡಿ.

ಚಕ್ರವನ್ನು ಒಳಬದಿ ಮೇಲೆ ಮಾಡಿ ಮಲಗಿಸಿದೆ. ಟಯರ್ ಮತ್ತು ರಿಮ್ ಕೂಡುವ ಸುತ್ತಿನಲ್ಲಿ ಒಂದು ಸಣ್ಣ ಕಾಲುವೆ ಇರುತ್ತದೆ. ಅಲ್ಲಿ ರಿಮ್ಮಿಗೆ ಒತ್ತಿ ಕೂರುವ ಟಯರಿನ ಅಂಚಿಗೆ ಅಂಗಡಿಯವರು ಬೀಡ್ ಅನ್ನುತ್ತಾರೆ. ಮಲಗಿಸಿದಾಗ ಸೋಪು ನೀರು ಆ ಕಾಲುವೆಯಲ್ಲಿ ನಿಲ್ಲುತ್ತದೆ, ಜಾರಿಹೋಗುವುದಿಲ್ಲ. ಪೂರ್ತಿ ಸುತ್ತು ತುಂಬಿಸಿ ಸುಮ್ನೆ ಕೂತೆವು, ನಾನೂ ಮಗಳೂ. ಒಂದು ನಿಮಿಷ ಏನೂ ಇಲ್ಲ. ಎರಡನೇ ನಿಮಿಷಕ್ಕೆ ಮಗಳು ಬೆರಳು ತೋರಿಸಿದಳು. ವಾಲ್ವ್‌ನ ಎದುರು ಬದಿಯಲ್ಲಿ, ಒಂದು ಗೇಣು ಉದ್ದಕ್ಕೆ, ಸಣ್ಣ ಸಣ್ಣ ಬಿಳಿ ಗುಳ್ಳೆ. ಮೊಳೆ ತೂತಿನಿಂದ ಬರುವ ಹಾಗೆ ಒಂದೇ ದೊಡ್ಡ ಗುಳ್ಳೆ ಅಲ್ಲ. ಏಡಿ ಬಾಯಲ್ಲಿ ನೊರೆ ಬರುತ್ತದಲ್ಲ, ಹಾಗೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಪಕ್ಕ ಒಂದು ಹುಟ್ಟಿ, ಒಡೆಯದೆ, ಮೆಲ್ಲಗೆ ಗುಡ್ಡೆಯಾದವು. ಒರೆಸಿ ಮತ್ತೆ ನೀರು ಬಿಟ್ಟೆ. ಅದೇ ಜಾಗದಲ್ಲಿ ಮತ್ತೆ ಬಂತು. ಎರಡೂ ತುದಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಒದ್ದೆ ರಬ್ಬರ್ ಮೇಲೆ ಅದು ಹಿಡಿಯುವುದಿಲ್ಲ, ಮೊದಲು ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು.

ಹೀಗೆ ಉದ್ದಕ್ಕೆ ನೊರೆ ಬಂದರೆ ಅದು ಹೆಚ್ಚಾಗಿ ರಿಮ್ಮಿನ ತುಕ್ಕು. ಅಲಾಯ್ ರಿಮ್ ಆದರೆ ತುಕ್ಕಿನ ಬದಲು ಬಣ್ಣ ಎದ್ದು, ಅಡಿಯಲ್ಲಿ ಬಿಳಿ ಪುಡಿ ಕಾಣುತ್ತದೆ. ಕಬ್ಬಿಣದ ರಿಮ್ಮಿನಲ್ಲಿ ಬೆಸುಗೆಯ ಗೆರೆಯ ಮೇಲೂ ನೀರು ಬಿಟ್ಟು ನೋಡಿ. ದೊಡ್ಡ ಹೊಂಡಕ್ಕೆ ಬಿದ್ದ ಮೇಲೆ ಶುರುವಾದ ಲೀಕ್ ಆದರೆ ರಿಮ್ ಬಾಗಿದೆಯೇ ಅಂತ ನೋಡಿ. ಬಾಗಿದ್ದರೆ ನೆಟ್ಟಗೆ ಮಾಡುವವರಿದ್ದಾರೆ. ಅಲಾಯ್ ಬಿರುಕು ಬಿಟ್ಟಿದ್ದರೆ ಬೇರೆ ರಿಮ್ಮೇ ಬೇಕು.

ಈ ರಿಪೇರಿ ಮನೆಯಲ್ಲಿ ಆಗುವುದಿಲ್ಲ. ಟಯರ್ ಬಿಚ್ಚುವ ಮೆಷಿನ್ ಬೇಕು. ಆದರೆ ಗುರುತು ಹಾಕಿದ ಚಕ್ರ ತೆಗೆದುಕೊಂಡು ಹೋದರೆ ಅಂಗಡಿಯಲ್ಲಿ ಮಾತೇ ಬೇರೆ ರೀತಿ ನಡೆಯುತ್ತದೆ. ನಾನು ಸೋಪು ನೀರಿನ ಬಾಟಲಿಯನ್ನೂ ಒಯ್ದಿದ್ದೆ. "ಅಣ್ಣ, ಮೊಳೆ ಇಲ್ಲ. ಇಲ್ಲಿಂದ ಇಲ್ಲಿವರೆಗೆ ಗಾಳಿ ಬರ್ತಾ ಉಂಟು, ನೋಡಿ" ಅಂತ ಅಲ್ಲೇ ಹಾಕಿ ತೋರಿಸಿದೆ. ಅವರು ಬಗ್ಗಿ ನೋಡಿ, "ಓ, ಇದು ಬೀಡಿಂದು. ಬಿಚ್ಚಿ ಉಜ್ಜಬೇಕಾಗ್ತದೆ, ಹೊತ್ತು ಹಿಡೀತದೆ ಅಕ್ಕ" ಅಂದರು. ಹಿಡಿಯಲಿ, ನಾನು ಕೂರುತ್ತೇನೆ ಅಂದೆ.

ಟಯರ್ ಬಿಚ್ಚಿದಾಗ ಗುರುತಿನ ಜಾಗದಲ್ಲಿ ರಿಮ್ಮಿನ ಅಂಚು ಹಳೆಯ ಕಾವಲಿಯ ಹಾಗೆ ಪದರ ಪದರ ಎದ್ದಿತ್ತು. ಅವರು ತಂತಿ ಬ್ರಷ್‌ನಿಂದ ತುಕ್ಕು ಕೆರೆದು, ಎಮರಿ ಪೇಪರ್‌ನಿಂದ ಬೆರಳಿಗೆ ನುಣುಪು ಸಿಗುವವರೆಗೆ ಉಜ್ಜಿದರು. ಕಬ್ಬಿಣ ಹೊಳೆಯಿತು, ತೂತು ಬೀಳುವಷ್ಟು ತಿಂದಿರಲಿಲ್ಲ. ಟಯರಿನ ಅಂಚಿಗೆ ಅಂಟಿದ್ದ ಕೆಂಪು ಪುಡಿಯನ್ನೂ ಒರೆಸಿದರು. ಇದನ್ನು ಬಿಟ್ಟರೆ ಉಜ್ಜಿದ್ದು ಅರ್ಧ ವ್ಯರ್ಥ, ಹೇಳಿಯಾದರೂ ಮಾಡಿಸಿ. ಆಮೇಲೆ ಎರಡೂ ಬದಿಯ ಸುತ್ತಿಗೆ ಬೀಡ್ ಸೀಲರ್ ಎಂಬ ಕರಿ ದ್ರಾವಣವನ್ನು ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಟಯರ್ ಕೂರಿಸಿದರು. ಹೇಗೂ ಬಿಚ್ಚಿದೆ ಅಂತ ವಾಲ್ವ್ ಹೊಸದು ಹಾಕಿಸಿದೆ. ಬ್ಯಾಲೆನ್ಸಿಂಗ್ ಮಾಡಿಸಿದೆ, ಟಯರ್ ಬಿಚ್ಚಿ ಹಾಕಿದ ಮೇಲೆ ಅದು ಬೇಕೇ ಬೇಕು. ಎಲ್ಲಾ ಸೇರಿ ನನಗೆ 450 ರೂಪಾಯಿ ಆಯಿತು. ಎರಡು ತಿಂಗಳು ನಾನು ಪಟ್ಟ ಆತಂಕಕ್ಕೆ ಹೋಲಿಸಿದರೆ ಅದು ದೊಡ್ಡ ಮೊತ್ತ ಅಲ್ಲ.

ಟಯರಿನೊಳಗೆ ಸುರಿಯುವ ಲಿಕ್ವಿಡ್ ಹಾಕಿಸಿ, ಎಲ್ಲಾ ಲೀಕ್ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ರಾತ್ರಿ ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಅದು ಸಹಾಯ ಮಾಡಬಹುದು. ಆದರೆ ರಿಮ್ಮಿನ ಅಂಚಿನ ತುಕ್ಕಿಗೆ ಅದು ಔಷಧಿ ಅಲ್ಲ. ಮುಂದೆ ಟಯರ್ ಬಿಚ್ಚಿದವರಿಗೆ ಆ ಅಂಟು ತೊಳೆಯುವ ಕೆಲಸ ಬೇರೆ. ಒಳಗೆ ಗಾಳಿಯ ಸೆನ್ಸರ್ ಇರುವ ಕಾರುಗಳಲ್ಲಿ ಸೆನ್ಸರ್ ಕೆಡಲೂಬಹುದು.

ಚಕ್ರ ವಾಪಸ್ ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಒಂದರ ಪಕ್ಕದ್ದು ಒಂದು ಅಲ್ಲ. ಕಾರು ಇಳಿಸಿದ ಮೇಲೆ ಪೂರ್ತಿ ಬಿಗಿ. 50-100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ. ಸೋಪು ನೀರಿನ ಪಸೆ ಇರಬಾರದು, ಒಳ್ಳೆಯ ನೀರಿನಿಂದ ತೊಳೆಯಿರಿ. ನಮ್ಮಲ್ಲಿ ಬೇಸಿಗೆಗೆ ಬಾವಿ ನೀರು ಸವುಳಾಗುತ್ತದೆ, ಆಗ ನಾನು ನಳ್ಳಿ ನೀರನ್ನೇ ಬಳಸುತ್ತೇನೆ.

ಈಗ ತಿಂಗಳಿಗೆ ಎರಡು ಸಲ ರಿಮ್ಮಿನ ಒಳಬದಿಗೂ ಪೈಪ್ ಹಿಡಿಯುತ್ತೇನೆ. ಬೀಚ್ ಬದಿಯಲ್ಲಿ ಕಾರು ನಿಲ್ಲಿಸಿದ ದಿನ ತಪ್ಪದೆ. ಮೀನಿನ ಲಾರಿಯ ಹಿಂದೆ ಹೋದ ದಿನವೂ ಹೌದು. ಅದರಿಂದ ಸುರಿಯುವ ಉಪ್ಪು ನೀರು ರಸ್ತೆಗೆ ಬಿದ್ದು ನಮ್ಮ ಚಕ್ರಕ್ಕೇ ಹಾರುತ್ತದೆ. ಮಲ್ಪೆ ರಸ್ತೆಯಲ್ಲಿ, ಹೆದ್ದಾರಿಯಲ್ಲಿ ಇದು ದಿನದ ಮಾತು.

ಸ್ಟೆಪ್ನಿಯನ್ನೂ ಇದೇ ಪುಸ್ತಕಕ್ಕೆ ಸೇರಿಸಿಕೊಳ್ಳಿ. ಆ ಭಾನುವಾರ ನಾನು ಹೊರಗೆ ತೆಗೆದಾಗ ಅದರಲ್ಲಿ 19 ಇತ್ತು. ನಿಮ್ಮದು ಸಪೂರ ಸ್ಟೆಪ್ನಿ ಆದರೆ ಅದಕ್ಕೆ ಸಾಮಾನ್ಯವಾಗಿ 60 ಬೇಕು, ಅದರ ಮೇಲೆಯೇ ಬರೆದಿರುತ್ತದೆ.

ರಿಪೇರಿ ಆದ ಮೇಲೆ ಮತ್ತೆ ಅದೇ ಪುಟ ತೆರೆದೆ. ಒಂದು ವಾರ ಬಿಟ್ಟು 33, ಎರಡು ವಾರ ಬಿಟ್ಟೂ 33, ತಿಂಗಳಿಗೆ 32. ಎಡದ ಚಕ್ರ ಸರಿಯಾಯಿತು. ಆಗ ಹಳೆಯ ಸಾಲಿನ ಮೇಲೆ ಕಣ್ಣು ಹೋಯಿತು: 33, 33, 32, 27. ಹಿಂದಿನ ಬಲದ ಚಕ್ರ ಒಂದೇ ವಾರದಲ್ಲಿ 1 ಇಳಿದಿತ್ತು. ತಿಂಗಳಿಗೆ ಲೆಕ್ಕ ಹಾಕಿದರೆ 4 ಆಯಿತು. ಅದರ ಒಳಬದಿಗೂ ನೀರು ತುಂಬಿಸಿ ಕೂತೆವು. ಐದನೇ ನಿಮಿಷಕ್ಕೆ ಎರಡು ಬೆರಳಗಲ ನೊರೆ ಕಂಡಿತು.